ಇಸ್ಮಾಯಿಲಸಾಬನ ಮೂರು ಥಂಡಿ

ಕುಂದಗೋಳದ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ ಒಂದು ಬಾರ್ ಇದೆ. ಅದರ ಮಾಲಕ ಶಂಭುಲಿಂಗಪ್ಪ ಕುಡಿಯುವುದಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಬಂದು ಕುರ್ಚಿಯಲ್ಲಿ ಕೂತರೆ ದಿನಪೂರ್ತಿ ಅವನ ಬಾಯಿಗೆ ಹೋಗುವುದು ಚಹಾ ಮತ್ತು ಅಡಿಕೆ ಮಾತ್ರ. ಆ ಬಾರಿನ ಫ್ರಿಜ್ ನೋಡಿಕೊಳ್ಳುವ ಇಸ್ಮಾಯಿಲಸಾಬನೂ ಕುಡಿಯುವುದಿಲ್ಲ. ಅವನು ಐದು ಹೊತ್ತಿನ ನಮಾಜಿ. ಕುಡಿಯುವವರು ನಾವು. ಬಾರು ಇಷ್ಟು ವರ್ಷ ಸುಸೂತ್ರವಾಗಿ ನಡೆದಿರುವುದಕ್ಕೆ ಇದೇ ಕಾರಣ ಎಂದು ನನ್ನ ಲೆಕ್ಕ. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು. ನನ್ನ ಲೆಕ್ಕ ಸಾಮಾನ್ಯವಾಗಿ ತಪ್ಪುವುದಿಲ್ಲ.

ನನ್ನೂರು ಯರಗುಪ್ಪಿ. ನಿವೃತ್ತನಾದ ಮೇಲೆ ವಾರಕ್ಕೆ ಎರಡು ಸಲ ಬ್ಯಾಂಕಿನ ಕೆಲಸ ಎಂದು ಹೇಳಿ ಕುಂದಗೋಳಕ್ಕೆ ಬರುತ್ತೇನೆ. ಬ್ಯಾಂಕಿನಲ್ಲಿ ಅಷ್ಟು ಕೆಲಸ ಯಾರಿಗೂ ಇರುವುದಿಲ್ಲ ಎಂಬುದು ನನ್ನ ಹೆಂಡತಿ ರೇವವ್ವನಿಗೆ ಚೆನ್ನಾಗಿ ಗೊತ್ತು. ನಮ್ಮ ಮನೆಯಲ್ಲೂ ಫ್ರಿಜ್ ಇದೆ. ಅದರಲ್ಲಿ ಹಾಲು, ಬೆಣ್ಣೆ, ನಿನ್ನೆಯ ಪಲ್ಯ, ಮತ್ತು ಯಾವ ಕಾರಣಕ್ಕೋ ಎರಡು ಕಿಲೋ ಶೇಂಗಾ ಇವೆ. ಬಾಟ್ಲಿಗೆ ಅಲ್ಲಿ ಜಾಗವಿಲ್ಲ. ಜಾಗವಿಲ್ಲ ಎಂದರೆ ಹಲಗೆಯ ಮೇಲೆ ಜಾಗವಿಲ್ಲ ಎಂದು ತಿಳಿಯಬೇಡಿ.

ಬಿಯರು ಥಂಡ ಇರಬೇಕು ಎಂಬುದರಲ್ಲಿ ನಮ್ಮಲ್ಲಿ ಯಾರಿಗೂ ತಕರಾರಿಲ್ಲ. ಎಷ್ಟು ಥಂಡ ಎಂದು ಕೇಳಿದರೆ ಮಾತ್ರ ಜಗಳ ಶುರುವಾಗುತ್ತದೆ. ನಮ್ಮೂರಿನ ಮಡಿವಾಳೆಪ್ಪ ಹತ್ತಿ, ಮೆಣಸಿನಕಾಯಿ ಬೆಳೆಯುವ ದೊಡ್ಡ ಹೊಲದ ಒಡೆಯ. ಅವನ ಪ್ರಕಾರ ಫ್ರಿಜ್ ಎಂಬುದೇ ಬಿಯರಿಗೆ ಮಾಡಿದ ಅನ್ಯಾಯ. ಬಾಟ್ಲಿಯನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ, ಹೊಲದ ಬೇವಿನ ಗಿಡಕ್ಕೆ ಕಟ್ಟಿ, ಎರಡು ತಾಸು ಗಾಳಿಗೆ ತೂಗಬಿಡಬೇಕಂತೆ. ಹಾಗೆ ತಣಿದ ಬಿಯರಿಗೆ ಮಾತ್ರ ರುಚಿ, ಉಳಿದದ್ದೆಲ್ಲ ಬರೀ ನೀರು ಎನ್ನುತ್ತಾನೆ. ಬೀಜ ಗೊಬ್ಬರದ ಅಂಗಡಿಯ ಹೇಮಂತ ಇದನ್ನು ಕೇಳಿದರೆ ಹಣೆ ಚಚ್ಚಿಕೊಳ್ಳುತ್ತಾನೆ. ಅವನಿಗೆ ಬಾಟ್ಲಿ ಹಿಡಿದರೆ ಕೈ ಅಂಟಬೇಕು, ಮೊದಲ ಗುಟುಕಿಗೆ ಹುಬ್ಬಿನ ನಡುವೆ ನೋವು ಬರಬೇಕು. ಬ್ಯಾಂಕಿನ ಒಬ್ಬ ಸಾಹೇಬರು ಗ್ಲಾಸಿನೊಳಗೇ ಬರ್ಫದ ತುಂಡು ಹಾಕಿಕೊಳ್ಳುತ್ತಾರೆ. ಅವರ ವಿಷಯ ನಾವು ಮಾತಾಡುವುದಿಲ್ಲ. ನನಗೆ ಬೇಕಾದದ್ದು ಮಡಿವಾಳೆಪ್ಪನದಕ್ಕೂ ಹೇಮಂತನದಕ್ಕೂ ನಡುವಿನದು. ಅದೇ ಸರಿಯಾದದ್ದು ಎಂದು ಬೇರೆ ಹೇಳಬೇಕಾಗಿಲ್ಲ.

ಈ ಜಗಳವನ್ನು ಬಗೆಹರಿಸಿದವನು ಇಸ್ಮಾಯಿಲಸಾಬ. ಅವನು ಥಂಡಿಯನ್ನು ಮೂರು ಭಾಗ ಮಾಡಿದ. ಮಣ್ಣಿನ ಹರವಿಯಲ್ಲಿಟ್ಟ ನೀರಿನಷ್ಟು ತಣ್ಣಗಿದ್ದರೆ ಅದು ಹರವಿ ಥಂಡಿ. ಆಳದ ಬಾವಿಯಿಂದ ಆಗಷ್ಟೇ ಸೇದಿದ ನೀರಿನಷ್ಟಿದ್ದರೆ ಬಾವಿ ಥಂಡಿ. ಕುಡಿದ ಕೂಡಲೇ ಹಲ್ಲು ಹಿಡಿದುಕೊಂಡರೆ ಹಲ್ಲು ಥಂಡಿ. ಶಂಭುಲಿಂಗಪ್ಪನ ಗಾಜಿನ ಬಾಗಿಲಿನ ದೊಡ್ಡ ಫ್ರಿಜ್ಜಿನಲ್ಲಿ ಫ್ಯಾನ್ ಇರುವ ಮೇಲಿನ ಹಲಗೆ ಹಲ್ಲು, ನಡುವಿನದು ಬಾವಿ, ಕೆಳಗಿನದು ಹರವಿ. ಮಡಿವಾಳೆಪ್ಪನಿಗೆ ಕೆಳಗಿನದು, ಹೇಮಂತನಿಗೆ ಮೇಲಿನದು, ನನಗೆ ನಡುವಿನದು. ಬ್ಯಾಂಕಿನ ಸಾಹೇಬರಿಗೆ ಯಾವುದು ಕೊಟ್ಟರೂ ನಡೆಯುತ್ತದೆ. ಮಾಣಿ ಟೇಬಲ್ಲಿಗೆ ಬಂದು “ಹಲ್ಲೋ, ಬಾವಿಯೋ, ಹರವಿಯೋ?” ಎಂದು ಕೇಳುವುದನ್ನು ನೋಡಿ ಹುಬ್ಬಳ್ಳಿಯಿಂದ ಬಂದ ಗಿರಾಕಿಗಳು ತಬ್ಬಿಬ್ಬಾಗುತ್ತಾರೆ. ನಮಗೆ ಅದು ರೂಢಿ.

ಥಂಡಿ ಇಸ್ಮಾಯಿಲಸಾಬನ ಮನೆತನದ ಕಸುಬು. ಅವನ ಅಪ್ಪ ಗುಲಾಮಹುಸೇನ ಬರ್ಫ ಮಾರುತ್ತಿದ್ದ. ಬೆಳಗಿನ ಗಾಡಿಗೆ ಹುಬ್ಬಳ್ಳಿಯಿಂದ ಬರ್ಫದ ಗಡ್ಡೆ ತರುವುದು, ಕಟ್ಟಿಗೆ ಹೊಟ್ಟಿನಲ್ಲಿ ಹೂತು, ಗೋಣಿ ಹೊದಿಸಿ, ಶರಬತ್ತಿನ ಅಂಗಡಿಗೂ ಮದುವೆ ಮನೆಗೂ ಮುಟ್ಟಿಸುವುದು. ಗೋಣಿ ಬಿಚ್ಚಿದರೆ ಬರ್ಫ ಕರಗುತ್ತದೆ. ಆದ್ದರಿಂದ ಒಳಗೆ ಎಷ್ಟು ಉಳಿದಿದೆ ಎಂದು ಮೇಲಿನಿಂದ ಕೈಯಿಟ್ಟೇ ಹೇಳಬೇಕು. ಇಸ್ಮಾಯಿಲಸಾಬನ ಕೈ ಪಳಗಿದ್ದು ಅಲ್ಲಿ. ಆಮೇಲೆ ಮನೆಮನೆಗೆ ಫ್ರಿಜ್ ಬಂತು, ಬರ್ಫದ ವ್ಯಾಪಾರ ಕರಗಿಹೋಯಿತು, ಮಗ ಫ್ರಿಜ್ ರಿಪೇರಿ ಕಲಿತ. ಮೊಟ್ಟಮೊದಲು ಒಂದು ಬಾರಿನಿಂದ ಕರೆ ಬಂದಾಗ ಹೋಗಲೋ ಬಿಡಲೋ ಎಂದು ಅಪ್ಪನನ್ನು ಕೇಳಿದನಂತೆ.

ಗುಲಾಮಹುಸೇನ ಒಂದು ದಿನ ಪೂರ್ತಿ ಯೋಚಿಸಿ ಹೇಳಿದ್ದು ಇಷ್ಟು: “ಹೋಗು. ಥಂಡ ಮಾಡೂದು ತಪ್ಪಲ್ಲ. ಆದ್ರ ದೂರದಿಂದ ನೋಡವ್ರಿಗೆ ಬಾಟ್ಲಿ ಕಾಣ್ತೈತಿ, ಅದರ ಬೂಚು ಕಾಣಂಗಿಲ್ಲ. ಕೈ ಹಚ್ಚು. ಎದಿಗಿಂತ ಮ್ಯಾಲೆ ಎತ್ತಬ್ಯಾಡ.”

ಮೂವತ್ತೈದು ವರ್ಷ ಇಸ್ಮಾಯಿಲಸಾಬ ಈ ಮಾತನ್ನು ನಡೆಸಿದ್ದಾನೆ. ಎಷ್ಟರಮಟ್ಟಿಗೆ ಎಂದರೆ, ಫ್ರಿಜ್ಜಿನ ಮೇಲಿನ ಹಲಗೆ ಅವನ ತಲೆಯ ಎತ್ತರಕ್ಕಿದೆ. ಅಲ್ಲಿನ ಬಾಟ್ಲಿ ಮುಟ್ಟಬೇಕಾದರೆ ಅವನು ಸ್ಟೂಲು ತರಿಸಿ, ಅದರ ಮೇಲೆ ಹತ್ತಿ ನಿಂತು, ಬಾಟ್ಲಿ ತನ್ನ ಎದೆಯಿಂದ ಕೆಳಗೇ ಇದೆ ಎಂದು ಖಾತ್ರಿ ಮಾಡಿಕೊಂಡು ಮುಟ್ಟುತ್ತಾನೆ. ಆಗ ಅವನ ಬಿಳಿ ಟೊಪ್ಪಿಗೆ ಛಾವಣಿಯ ಜೇಡರ ಬಲೆ ತಗಲುತ್ತದೆ. ನಾವು ನಗುತ್ತೇವೆ. ಅವನು ನಮ್ಮ ನಗೆಯನ್ನು ಗಮನಿಸುವುದಿಲ್ಲ. ಎರಡು ಬೆರಳನ್ನು ಬಾಟ್ಲಿಯ ಕುತ್ತಿಗೆಗೆ ಹಚ್ಚಿ, ಕಣ್ಣು ಮುಚ್ಚಿ, ಮೂರು ಸಲ ಉಸಿರಾಡುವಷ್ಟು ಹೊತ್ತು ಸುಮ್ಮನಿದ್ದು, “ಹಲ್ಲಿಗೆ ಬಂದೈತ್ರಿ” ಎಂದರೆ ಬಂದಂತೆಯೇ. ಅದರ ಮೇಲೆ ಅಪೀಲು ಇರಲಿಲ್ಲ. ಜೀವನದಲ್ಲಿ ಒಂದು ಹನಿ ಬಿಯರು ನಾಲಿಗೆಗೆ ತಾಗಿಸದವನ ಮಾತಿಗೆ ಇಡೀ ತಾಲೂಕಿನ ಕುಡುಕರು ತಲೆಬಾಗಿದ್ದರು.

ಈ ವರ್ಷದ ಏಪ್ರಿಲ್‌ನಲ್ಲಿ ಅದು ಕೆಟ್ಟಿತು.

ಗುರುವಾರ ಮಧ್ಯಾಹ್ನ. ಎರೆಹೊಲಗಳಿಂದ ಬರುವ ಗಾಳಿ ಮುಖ ಸುಡುತ್ತಿತ್ತು. ನಾನು, ಹೇಮಂತ, ಮಡಿವಾಳೆಪ್ಪ ಒಂದೇ ಟೇಬಲ್ಲಿಗೆ ಕೂತಿದ್ದೆವು. ಮಾಣಿ ಹೇಮಂತನ ಬಾಟ್ಲಿಯ ಬೂಚು ತೆಗೆದು ಗ್ಲಾಸಿಗೆ ಬಗ್ಗಿಸಿದ. ಏನೂ ಬೀಳಲಿಲ್ಲ. ಮತ್ತಷ್ಟು ಬಗ್ಗಿಸಿದ. ಒಳಗೆ ಬಿಯರು ಗಟ್ಟಿಯಾಗಿ ಕೂತಿತ್ತು. ನನ್ನ ಬಾವಿ ಥಂಡಿಯದ್ದರಿಂದ ಬರ್ಫದ ಮುದ್ದೆ ಪಚಕ್ಕೆಂದು ಗ್ಲಾಸಿಗೆ ಬಿತ್ತು. ಅಷ್ಟರಲ್ಲಿ ಫ್ರಿಜ್ಜಿನೊಳಗೆ ಟಪ್ ಎಂದು ಒಂದು ಬಾಟ್ಲಿ ಒಡೆಯಿತು, ಅದರ ಹಿಂದೆ ಇನ್ನೊಂದು.

“ನಾ ಮೊದಲs ಹೇಳಿದ್ದೆ,” ಎಂದ ಮಡಿವಾಳೆಪ್ಪ ಅತ್ಯಂತ ಸಂತೋಷದಿಂದ. “ಬೇವಿನ ಗಿಡದಾಗ ಇಂಥಾದ್ದು ಎಂದಾದ್ರೂ ಆಗೈತೇನು?”

ವಿಚಾರಿಸಿದಾಗ ತಿಳಿದದ್ದು: ಬೆಳಿಗ್ಗೆ ಇಸ್ಮಾಯಿಲಸಾಬ ಬಂದು ಮುಟ್ಟಿ ನೋಡಿ, ಇನ್ನೂ ಥಂಡ ಬಂದಿಲ್ಲ ಎಂದು ಗುಂಡಿ ತಿರುವಿದ್ದ. ಹನ್ನೆರಡಕ್ಕೆ ಮತ್ತೆ ಬಂದು, ಇನ್ನೂ ಬಂದಿಲ್ಲವಲ್ಲ ಎಂದು ಮತ್ತೆ ತಿರುವಿದ್ದ. ಕೇಳಿದರೆ ವೋಲ್ಟೇಜಿನ ಮೇಲೆ ಹಾಕಿದ. ವೋಲ್ಟೇಜ್ ಹೆಚ್ಚುಕಡಿಮೆಯಾಗುವುದು ನಮಗೆ ಹೊಸದಲ್ಲವಾದ್ದರಿಂದ ಎಲ್ಲರೂ ನಂಬಿದೆವು. ಎಂಟು ದಿನಕ್ಕೆ ಮತ್ತೆ ಅದೇ ಆಯಿತು. ಈ ಸಲ ನಂಬಲು ಕಷ್ಟವಾಯಿತು.

ಶಂಭುಲಿಂಗಪ್ಪ ಒಳ್ಳೆಯವನೇ. ಆದರೆ ಬಾರಿನವನ ಒಳ್ಳೆಯತನಕ್ಕೂ ಒಂದು ಮಿತಿ ಇರುತ್ತದೆ. “ಮಾಸ್ತರ್ರ, ಹುಬ್ಬಳ್ಳಿಯಿಂದ ಕಂಪನಿ ಮೆಕ್ಯಾನಿಕ್ ಬರಾಂವ ಅದಾನ,” ಎಂದು ನನಗೆ ಹೇಳಿದ. “ಅವಂಗ ಮೀಟರ್ ಐತಿ. ಸಾಬ್ರಿಗೆ ಬಾಯಿ ಬಿಟ್ಟು ಬ್ಯಾಡ ಅನ್ನಾಕ ನನಗ ಆಗವಲ್ದು. ನೀವs ಒಂದ ಮಾತು ಹೇಳ್ರಿ.”

ಒಂದು ಬಾರಿನ ಕೆಲಸ ಹೋದರೆ ಇಸ್ಮಾಯಿಲಸಾಬ ಉಪವಾಸ ಬೀಳುವುದಿಲ್ಲ. ಮಗಳು ಫರಹತ್ ನವಲಗುಂದದಲ್ಲಿ ನರ್ಸ್ ಆಗಿದ್ದಾಳೆ, ಮನೆಗೆ ಕೊರತೆಯಿಲ್ಲ. ಆದರೆ ಶಂಭುಲಿಂಗಪ್ಪ ಬಿಟ್ಟ ಎಂದರೆ ತಾಲೂಕಿನ ಎಲ್ಲ ಬಾರಿನವರೂ ಬಿಡುತ್ತಾರೆ. ಇಸ್ಮಾಯಿಲಸಾಬನ ಕೈ ಹೋಯಿತು ಎಂಬ ಒಂದು ಮಾತು ಸಾಕು. ಅವನಿಗೆ ಇದ್ದದ್ದು ಆ ಕೈಯ ಹೆಸರು ಒಂದೇ.

ಮಾರನೆಯ ದಿನ ಅವನ ಮನೆಗೆ ಹೋದೆ. ಫರಹತ್ ನನ್ನ ಹಳೆಯ ವಿದ್ಯಾರ್ಥಿನಿ, ಆದ್ದರಿಂದ ಆ ಮನೆಯಲ್ಲಿ ನನಗೆಂದೇ ಒಳ್ಳೆಯ ಕುರ್ಚಿ, ಒಳ್ಳೆಯ ಕಪ್ಪು. ಇಸ್ಮಾಯಿಲಸಾಬ ಚಾಪೆಯ ಮೇಲೆ ಕೂತಿದ್ದ. ನಾನು ಬಂದ ಕೆಲಸ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನ ಹೆಂಡತಿ ರಾಜಮಾಬಿ ಒಳಗಿನಿಂದ ಬಂದು ಗಂಡನ ಬಲಗೈ ಹಿಡಿದು ನನ್ನ ಮುಂದೆ ಚಾಚಿದಳು. ತೋರುಬೆರಳಿನ ತುದಿಯಲ್ಲೂ ನಡುಬೆರಳಿನ ತುದಿಯಲ್ಲೂ ದೊಡ್ಡ ಗುಳ್ಳೆ ಎದ್ದಿದ್ದವು.

“ನೋಡ್ರಿ ಮಾಸ್ತರ್ರ. ಮೊನ್ನೆ ಒಲಿ ಮ್ಯಾಲಿನ ಹಂಚು ಬರೇ ಕೈಲೆ ಎತ್ತಿ ಕೆಳಗಿಟ್ರು. ನಾ ಚೀರಿದೆ. ಇವರಿಗೆ ಸುಟ್ಟದ್ದs ಗೊತ್ತಿಲ್ಲ.”

“ಸಣ್ಣ ಗುಳ್ಳಿ,” ಎಂದ ಇಸ್ಮಾಯಿಲಸಾಬ.

“ಡಾಕ್ಟರ್ ಹೇಳಿ ಆರು ತಿಂಗಳಾತ್ರಿ. ಶುಗರ್ ಹೆಚ್ಚಾಗಿ ಬೆರಳಿನ ನರ ಸಾಯಾಕ ಹತ್ಯಾವ ಅಂತ. ಯಾರ ಮುಂದೂ ಹೇಳಬ್ಯಾಡ ಅಂತ ನನ್ನ ಬಾಯಿ ಕಟ್ಯಾರ.”

ನನಗೆ ಸಿಟ್ಟು ಬಂತು. ಆರು ತಿಂಗಳಿಂದ ಈ ಮನುಷ್ಯ ಏನೂ ತಿಳಿಯದ ಎರಡು ಬೆರಳನ್ನು ಬಾಟ್ಲಿಗೆ ಹಚ್ಚಿ, ಕಣ್ಣು ಮುಚ್ಚಿ, ಮೂರು ಉಸಿರು ಎಣಿಸಿ, ನಮಗೆ ಥಂಡಿಯ ತೀರ್ಪು ಕೊಡುತ್ತಿದ್ದ! ಚಳಿಗಾಲದಲ್ಲಿ ಅಂದಾಜು ಹೊಂದಿಕೊಂಡಿತ್ತು, ಬೇಸಿಗೆ ಬಂದ ಕೂಡಲೇ ಸಿಕ್ಕಿಬಿದ್ದ. ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ನೋಡಿ ಬರೆಯುವ ಹುಡುಗರಿಗೆ ನಾನು ಹೇಳುವ ಎಲ್ಲ ಮಾತನ್ನೂ ಅವನಿಗೆ ಹೇಳಿದೆ.

ಅವನು ಎಲ್ಲ ಕೇಳಿಸಿಕೊಂಡ. “ಹೇಳಿದ್ರ ಏನಂತಿದ್ರಿ ಮಾಸ್ತರ್ರ? ಪಾಪ ಅಂತಿದ್ರಿ,” ಎಂದ. “ಪಾಪ ಅನ್ನಿಸಿಕೊಂಡ ಮೆಕ್ಯಾನಿಕ್ಕಿಗೆ ಯಾರು ಫ್ರಿಜ್ ಬಾಗಲಾ ತೆಗೀತಾರ?”

“ಹಂಗಾದ್ರ ನೀನೂ ಒಂದು ಮೀಟರ್ ತಗೋ.”

“ಮೀಟರ್ ಪೆಟಗಿಯೊಳಗಿನ ಗಾಳಿ ಹೇಳ್ತೈತ್ರಿ. ಬಾಟ್ಲಿ ಹೊಟ್ಟಿಯೊಳಗಿಂದು ಹೇಳಂಗಿಲ್ಲ. ಮುಂಜಾನೆ ಇಟ್ಟಿದ್ದಕ್ಕೂ ಈಗ ಇಟ್ಟಿದ್ದಕ್ಕೂ ಅದಕ್ಕ ಫರಕ್ ಇಲ್ಲ.”

ಸೋತರೂ ಮೀಟರನ್ನು ಬಯ್ಯುವುದು ಮಾತ್ರ ಬಿಡಲಿಲ್ಲ. ಆಗ ರಾಜಮಾಬಿ ಎದ್ದು ಹೋಗಿ ಎರಡು ಸ್ಟೀಲಿನ ಲೋಟ ತಂದಳು. ಒಂದರಲ್ಲಿ ಹರವಿಯ ನೀರು, ಇನ್ನೊಂದರಲ್ಲಿ ಫ್ರಿಜ್ಜಿನ ನೀರು. ಗಂಡನಿಗೆ ಕಣ್ಣು ಮುಚ್ಚಲು ಹೇಳಿ ಒಂದನ್ನು ಅವನ ಕೆನ್ನೆಗೆ ಒತ್ತಿದಳು.

“ಹರವಿದು,” ಎಂದ ಅವನು. ಎರಡನೆಯದನ್ನು ಒತ್ತಿದಾಗ ಬೆಚ್ಚಿ ಹಿಂದೆ ಸರಿದ. “ಫ್ರಿಜ್ಜಿಂದು. ಅದೂ ಬಾಗಲದಾಗಿಂದು, ಒಳಗಿಂದಲ್ಲ.”

“ಹೌದು, ಬಾಗಲದಾಗಿಂದು,” ಎಂದಳು ರಾಜಮಾಬಿ ನನ್ನ ಕಡೆ ತಿರುಗಿ. “ಫರಹತ್‌ಗೆ ಜ್ವರ ಬಂದಾಗ ನಾ ಬೆರಳು ಹಚ್ಚಿ ನೋಡ್ತಿದ್ನೇನ್ರಿ? ಗಲ್ಲಕ್ಕ ಗಲ್ಲ ಹಚ್ಚಿ ನೋಡ್ತಿದ್ದೆ. ಇವರದು ಬೆರಳಷ್ಟs ಸತ್ತಾವ. ಗಲ್ಲ ಚಲೋ ಐತಿ.”

ಇಸ್ಮಾಯಿಲಸಾಬ ಕಣ್ಣು ತೆರೆದು ಹೆಂಡತಿಯನ್ನು ನೋಡಿದ. ಅವನ ಮುಖದಲ್ಲಿ ಬಂದದ್ದು ಸಂತೋಷವಲ್ಲ, ಹೆದರಿಕೆ. “ತೋಬಾ! ಬಿಯರ್ ಬಾಟ್ಲಿ ಮಾರಿಗೆ ಹಚ್ಚಿಕೋ ಅಂತೀ? ಬಜಾರದಾಗ?”

ಮೊಣಕೈಗೆ ಹಚ್ಚಿದರೆ ಆಗದೇ ಎಂದು ನಾನು ಕೇಳಿದೆ. ಸತ್ತದ್ದು ಬೆರಳಷ್ಟೇ ಆದರೂ ಜೋಮು ಅಲ್ಲಿಯತನಕ ಏರಿದೆ ಎಂದ ಇಸ್ಮಾಯಿಲಸಾಬ. ಹೊಟ್ಟೆಗೆ ಹಚ್ಚಿದರೆ? “ಅಂಗಿ ಎತ್ತಿಕೊಂಡು ಬಾರಿನ್ಯಾಗ ನಿಂದ್ರಲಿ ಅಂತೀರೇನ್ರಿ ಮಾಸ್ತರ್ರ?” ಎಂದು ರಾಜಮಾಬಿ ಕೇಳಿದ ಮೇಲೆ ನಾನು ಸಲಹೆ ಕೊಡುವುದನ್ನು ನಿಲ್ಲಿಸಿದೆ.

ಹೀಗೆ ವಿಷಯ ಒಂದು ಗಲ್ಲಕ್ಕೆ ಬಂದು ನಿಂತಿತು. ಬಾಟ್ಲಿಯನ್ನು ಮುಖಕ್ಕೆ ಎತ್ತದಿದ್ದರೆ ಮೂವತ್ತೈದು ವರ್ಷದ ಕೈಯ ಹೆಸರು ಹೋಗುತ್ತದೆ. ಎತ್ತಿದರೆ, ದೂರದಿಂದ ನೋಡಿದವರ ಕಣ್ಣಲ್ಲಿ ಅರವತ್ತು ವರ್ಷದ ನಮಾಜಿಯ ಹೆಸರು ಹೋಗುತ್ತದೆ. ಇದನ್ನು ನಾನು ಬಿಡಿಸುತ್ತೇನೆ ಎಂದುಕೊಂಡೆ. ಗಣಿತದವರಿಗೆ ಈ ಹುಚ್ಚು ಇರುತ್ತದೆ.

ನಾನು ನೇರ ಶಂಭುಲಿಂಗಪ್ಪನ ಹತ್ತಿರ ಹೋಗಿ, ಹುಬ್ಬಳ್ಳಿಯವನಿಗೆ ಹೂಂ ಅನ್ನುವ ಮೊದಲು ಒಂದು ಪರೀಕ್ಷೆ ಮಾಡು ಎಂದೆ. ಮೂರೂ ಹಲಗೆಯಿಂದ ಮೂರು ಮೂರು ಬಾಟ್ಲಿ ತೆಗೆದು ಕಲಸಿಬಿಡು. ಇಸ್ಮಾಯಿಲಸಾಬ ಬೇರ್ಪಡಿಸಿದರೆ ಅವನೇ ಇರಲಿ, ಇಲ್ಲದಿದ್ದರೆ ಮೀಟರಿನವನು ಬರಲಿ. ಮಾಣಿಯನ್ನೂ ಹೊರಗೆ ಕಳಿಸಿ, ಒಳಗಿನ ಫ್ಯಾಮಿಲಿ ರೂಮಿನಲ್ಲಿ ಪರದೆ ಎಳೆದು ಅವನು ಗಲ್ಲಕ್ಕೆ ಹಚ್ಚಿಕೊಂಡರೆ ಯಾರಿಗೂ ಕಾಣುವುದಿಲ್ಲ ಎಂಬುದು ನನ್ನ ಯೋಜನೆ. ರಾಜಮಾಬಿಗೆ ಹಾಗೆಂದು ಮಾತೂ ಕೊಟ್ಟೆ. ಬೆರಳಿನ ಗುಟ್ಟನ್ನು ಮಾತ್ರ ಶಂಭುಲಿಂಗಪ್ಪನಿಗೆ ಹೇಳಲಿಲ್ಲ.

ಶಂಭುಲಿಂಗಪ್ಪ ಪರೀಕ್ಷೆಗೆ ನನಗಿಂತ ಹೆಚ್ಚು ತಯಾರಿ ಮಾಡಿದ. ಹಿಂದಿನ ದಿನವೇ ಹೆಂಡತಿಯ ಟಿಕಳಿ ಪಾಕೀಟು ತಂದು, ಒಂಬತ್ತು ಬಾಟ್ಲಿಗಳ ತಳಕ್ಕೆ ಅಂಟಿಸಿ ಫ್ರಿಜ್ಜಿನಲ್ಲಿಟ್ಟ. ಕೆಂಪು ಟಿಕಳಿ ಮೇಲಿನ ಹಲಗೆ, ಹಸಿರು ನಡುವಿನದು, ಹಳದಿ ಕೆಳಗಿನದು. ಹೆಂಡತಿ ಹಣೆಗೆ ಟಿಕಳಿಯಿಲ್ಲದೆ ಕೂತಿದ್ದಾಳೆ ಎಂದು ಅವನೇ ಹೇಳಿದ. ಪರೀಕ್ಷೆ ಮರುದಿನ ಸಂಜೆ ನಾಲ್ಕೂವರೆಗೆ.

ನಾಲ್ಕಕ್ಕೆ ಕರೆಂಟು ಹೋಯಿತು.

ಒಳಗೆ ಕತ್ತಲೆ, ಅದರ ಮೇಲೆ ಸೆಕೆ. ನಾನು ಬಸ್ಸಿಳಿದು ಬರುವಷ್ಟರಲ್ಲಿ ಶಂಭುಲಿಂಗಪ್ಪ ಟೇಬಲ್ಲನ್ನು ಹೊರಗೆ, ರಸ್ತೆಗೆ ಮುಖ ಮಾಡಿದ ಕಟ್ಟೆಯ ಮೇಲೆ ಹಾಕಿಸಿಬಿಟ್ಟಿದ್ದ. ಒಂಬತ್ತು ಬಾಟ್ಲಿಗಳು ಸಾಲಾಗಿ ನಿಂತಿದ್ದವು. ಬೆವರಿದ ಬಾಟ್ಲಿ ಗುಟ್ಟು ಬಿಟ್ಟುಕೊಡಬಾರದೆಂದು ಒಂದೊಂದನ್ನೂ ಟವೆಲಿನಿಂದ ಒರೆಸಿದ್ದ. ಹೇಮಂತ ಅಂಗಡಿ ಮುಚ್ಚಿಕೊಂಡು ಬಂದಿದ್ದ. ಮಡಿವಾಳೆಪ್ಪ ಟ್ರ್ಯಾಕ್ಟರ್ ತಂದು ಎದುರಿಗೇ ನಿಲ್ಲಿಸಿ ಅದರ ಮೇಲೆ ಕೂತಿದ್ದ. ಹೋಗುವವರು ಬರುವವರು ನಿಂತು ನೋಡುತ್ತಿದ್ದರು. ಸಾಲದ್ದಕ್ಕೆ ಅಸರ್ ನಮಾಜಿನ ಹೊತ್ತು. ಎರಡು ಓಣಿ ಆಚೆಯ ಮಸೀದಿಗೆ ಹೋಗುವ ದಾರಿ ಅದೇ.

“ನಾಳೆ ಮಾಡೂಣು,” ಎಂದೆ ನಾನು.

“ನಾಳೆ ಹುಬ್ಬಳ್ಳಿಯಾಂವ ಬರ್ತಾನ್ರಿ. ಕರೆಂಟಿಲ್ಲ, ಬಾಟ್ಲಿ ಬಿಸಿ ಆಗಾಕ ಹತ್ಯಾವ. ಈಗs ಆಗಲಿ,” ಎಂದ ಶಂಭುಲಿಂಗಪ್ಪ.

ಇಸ್ಮಾಯಿಲಸಾಬ ತೊಳೆದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಕಟ್ಟೆ ಹತ್ತಿ ಮೊದಲ ಬಾಟ್ಲಿಯ ಕುತ್ತಿಗೆಗೆ ಎಡಗೈಯ ಎರಡು ಬೆರಳು ಹಚ್ಚಿದ. ಬಲಗೈಗೆ ಪಟ್ಟಿ ಕಟ್ಟಿತ್ತು. ಕಣ್ಣು ಮುಚ್ಚಿದ. ಮೂರು ಉಸಿರು ಆಯಿತು. ಐದಾಯಿತು. ಹತ್ತಾಯಿತು. ಮುಂದಿನ ಬಾಟ್ಲಿಗೆ ಹೋದ. ಅಲ್ಲೂ ಅಷ್ಟೇ. ಅವನ ಹಣೆಯಿಂದ ಬೆವರು ಇಳಿಯಿತು. ಟ್ರ್ಯಾಕ್ಟರಿನ ಮೇಲಿದ್ದ ಮಡಿವಾಳೆಪ್ಪ ಕತ್ತು ಚಾಚಿದ.

ನಾನು ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದೆ: “ಒಳಗ ನಡಿ. ಮೇಣಬತ್ತಿ ಹಚ್ಚಸ್ತೀನಿ, ಪರದಾ ಎಳೀತೀನಿ. ಯಾರೂ ನೋಡಂಗಿಲ್ಲ.”

ಇಸ್ಮಾಯಿಲಸಾಬ ಒಳಗಿನ ಕತ್ತಲೆಯನ್ನು ನೋಡಿದ, ರಸ್ತೆಯನ್ನು ನೋಡಿದ. “ಪರದಾ ಹಿಂದ ಎತ್ತಿದ್ರ ಅದು ಕುಡಿಯೂದs ಆಕ್ಕೈತ್ರಿ ಮಾಸ್ತರ್ರ,” ಎಂದ. “ಇಲ್ಲೇ ಎತ್ತಿದ್ರ ಕೆಲಸ.”

ಆಮೇಲೆ ಎಲ್ಲರಿಗೂ ಕೇಳುವಂತೆ ಶಂಭುಲಿಂಗಪ್ಪನಿಗೆ ಹೇಳಿದ. “ಸಾವಕಾರ್ರ, ನನ್ನ ಬೆರಳು ಸತ್ತಾವ್ರಿ. ಆರು ತಿಂಗಳಾತು. ನಿಮ್ಮ ಬಾಟ್ಲಿ ಒಡದದ್ದು ವೋಲ್ಟೇಜಿಗಲ್ಲ, ನನ್ನಿಂದ. ಹೇಳಲಿಲ್ಲ, ತಪ್ಪು ನಂದು. ಈಗ ಗಲ್ಲ ಹಚ್ಚಿ ನೋಡ್ತೀನಿ. ನೋಡೂದಿದ್ರ ಎಲ್ಲಾರೂ ನೋಡ್ರಿ.”

ಬಾಟ್ಲಿಯನ್ನು ಎರಡೂ ಕೈಯಿಂದ ಹಿಡಿದು ಎತ್ತಿದ. ಎದೆಯ ಮಟ್ಟದಲ್ಲಿ ಅವನ ಕೈ ಒಂದು ಕ್ಷಣ ನಿಂತಿತು. ಅಭ್ಯಾಸ ಅದು, ಬಿಡುವುದು ಸುಲಭವಲ್ಲ. ಮತ್ತೆ ಎತ್ತಿ ಬಿಳಿ ಗಡ್ಡದ ಮೇಲಿನ ಗಲ್ಲಕ್ಕೆ ಒತ್ತಿಕೊಂಡ. ನನಗೆ ಅಲ್ಲಿಂದ ಹೊರಟುಹೋಗಬೇಕೆನಿಸಿತು. ಅವನನ್ನು ಆ ಕಟ್ಟೆಗೆ ಹತ್ತಿಸಿದವನು ನಾನೇ.

“ಬಾವಿ,” ಎಂದು ಅದನ್ನು ನಡುವೆ ಇಟ್ಟ. ಎರಡನೆಯದನ್ನು ಒತ್ತಿಕೊಂಡು, “ಹಲ್ಲು,” ಎಂದು ಎಡಕ್ಕೆ ಇಟ್ಟ. “ಹರವಿ.” “ಹಲ್ಲು.” ನಾಲ್ಕು ಬಾಟ್ಲಿ ದಾಟುವಷ್ಟರಲ್ಲಿ ಅವನ ದನಿಗೆ ಹಳೆಯ ಗತ್ತು ಬಂದಿತ್ತು. ಆರನೆಯದನ್ನು ಬಲಗಲ್ಲಕ್ಕೂ ಹಚ್ಚಿ, ಎಡಗಲ್ಲಕ್ಕೂ ಹಚ್ಚಿ, ಅನುಮಾನ ಪರಿಹರಿಸಿಕೊಂಡ. ಹುಬ್ಬಳ್ಳಿ ಬಸ್ಸೊಂದು ನಿಧಾನ ಮಾಡಿತು. ಕಿಟಕಿಯ ತುಂಬ ಮುಖಗಳು. ಅವನು ತಿರುಗಿ ನೋಡಲಿಲ್ಲ.

ಒಂಬತ್ತೂ ಮುಗಿದ ಮೇಲೆ ಶಂಭುಲಿಂಗಪ್ಪ ಒಂದೊಂದನ್ನೇ ಮಗುಚಿ ನೋಡಿದ. ಕೆಂಪು, ಕೆಂಪು, ಕೆಂಪು. ಹೇಮಂತ ಸಿಳ್ಳೆ ಹಾಕಿದ. ನಡುವಿನ ಗುಂಪಿನಲ್ಲಿ ಎರಡೇ ಬಾಟ್ಲಿ ಇದ್ದವು, ಎರಡೂ ಹಸಿರು. ಬಲಕ್ಕೆ ನಾಲ್ಕು. ಹಳದಿ, ಹಳದಿ, ಹಳದಿ, ಕೊನೆಯದು ಹಸಿರು.

“ಒಂದು ತಪ್ಪೈತ್ರಿ ಸಾಬ್ರ,” ಎಂದ ಶಂಭುಲಿಂಗಪ್ಪ ಸಂಕಟದಿಂದ. “ಇದು ಬಾವಿ. ಹಸಿರು ಟಿಕಳಿ ಐತಿ.”

“ಟಿಕಳಿ ಯಾವದರೆ ಇರಲಿ. ಬಾಟ್ಲಿ ಹರವಿಗೆ ಬಂದೈತಿ. ಮುಟ್ಟಿ ನೋಡ್ರಿ.”

ಶಂಭುಲಿಂಗಪ್ಪ ಮುಟ್ಟಿದ. ನಾನೂ ಮುಟ್ಟಿದೆ. ಉಳಿದೆರಡು ಹಸಿರಿಗಿಂತ ಅದು ಬೆಚ್ಚಗಿತ್ತು. ಶಂಭುಲಿಂಗಪ್ಪ ವಿಭೂತಿಯ ಹಣೆಗೆ ಕೈ ಬಡಿದುಕೊಂಡ. ಎಲ್ಲಕ್ಕಿಂತ ಮೊದಲು ತೆಗೆದದ್ದು ಅದೇ. ಟವೆಲು ಹುಡುಕುವಾಗ ಅಡುಗೆಮನೆಯ ಒಲೆಯ ಪಕ್ಕ ಇಟ್ಟು ಮರೆತಿದ್ದ.

ಆಗ ರಸ್ತೆಯಿಂದ ಸಾಧಿಕ್ ಕಟ್ಟೆಯ ಕಡೆಗೆ ಬಂದ. ಸಾಧಿಕ್ ಟೇಲರ್, ಮಸೀದಿ ಕಮಿಟಿಯ ಹಿರಿಯ, ಮಾತು ಕಡಿಮೆ, ಮೋರೆ ಗಡುಸು. ನಮಾಜಿಗೆ ಹೊರಟವನು ಮೊದಲಿನಿಂದಲೂ ಆಚೆ ಬದಿಗೆ ನಿಂತು ಎಲ್ಲ ನೋಡಿದ್ದನಂತೆ, ನಾವು ಗಮನಿಸಿರಲಿಲ್ಲ. ಆ ಹಸಿರು ಟಿಕಳಿಯ ಬಾಟ್ಲಿಯನ್ನು ಮತ್ತೊಮ್ಮೆ ಎತ್ತಿಕೊಂಡಿದ್ದ ಇಸ್ಮಾಯಿಲಸಾಬ ಅದನ್ನು ಟೇಬಲ್ಲಿನ ಮೇಲೆ ಇಡುವುದನ್ನೂ ಮರೆತು ನಿಂತ.

ಸಾಧಿಕ್ ಕಟ್ಟೆ ಹತ್ತಿ, ಮೂರು ಗುಂಪಿನ ಬಾಟ್ಲಿಗಳನ್ನು ನೋಡಿದ. ಪಟ್ಟಿ ಕಟ್ಟಿದ ಕೈ ನೋಡಿದ. ಆಮೇಲೆ ತನ್ನ ಕೈಯ ಹಿಂಬದಿಯನ್ನು ಇಸ್ಮಾಯಿಲಸಾಬನ ಗಲ್ಲಕ್ಕೆ, ಒಂದು ಕಡೆ, ಮತ್ತೊಂದು ಕಡೆ, ಹಚ್ಚಿ ನೋಡಿದ.

“ಅಗದಿ ಥಂಡ ಆಗೈತಲ್ಲೋ,” ಎಂದ. “ಆರು ತಿಂಗಳು ನಮಗರೆ ಹೇಳಬಾರದಾ? ನಡಿ ಭಾಯಿ, ಜಮಾತಿನ ಹೊತ್ತಾತು.”

ಇಸ್ಮಾಯಿಲಸಾಬನ ಕೈಯಿಂದ ಬಾಟ್ಲಿ ತೆಗೆದು ಟೇಬಲ್ಲಿನ ಮೇಲಿಟ್ಟವನೂ ಅವನೇ. ಇಬ್ಬರೂ ಕಟ್ಟೆ ಇಳಿದು ಹೋದರು. ಇಳಿಯುವಾಗ ಮೆಟ್ಟಿಲು ತಪ್ಪೀತೆಂದು ಸಾಧಿಕ್ ಅವನ ಮೊಣಕೈ ಹಿಡಿದಿದ್ದ. ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಮಡಿವಾಳೆಪ್ಪ ಟ್ರ್ಯಾಕ್ಟರಿನಿಂದ ಇಳಿದು ಬಂದು ಕಟ್ಟೆಯ ಮೇಲೆ ಕೂತ.

ಶಂಭುಲಿಂಗಪ್ಪ ಹುಬ್ಬಳ್ಳಿಗೆ ಫೋನ್ ಹಚ್ಚಿ, ಬರುವುದು ಬೇಡ ಎಂದು ಹೇಳಿದ. ಆಮೇಲೆ ಒಂಬತ್ತೂ ಬಾಟ್ಲಿಯ ಬೂಚು ತೆಗೆಸಿ, ಇವತ್ತು ನನ್ನ ಲೆಕ್ಕದಲ್ಲಿ ಎಂದ. ಕರೆಂಟು ಇನ್ನೂ ಬಂದಿರಲಿಲ್ಲ, ಬಿಸಿಲು ಟೇಬಲ್ಲಿನ ಮೇಲೇ ಬಿದ್ದಿತ್ತು, ಗ್ಲಾಸಿಗೆ ಬೀಳುವ ಹೊತ್ತಿಗೆ ಹಲ್ಲು, ಬಾವಿ, ಹರವಿ ಎಲ್ಲ ಒಂದೇ ಆಗಿ, ಬಿಯರು ಚಹಾಕ್ಕಿಂತ ಸ್ವಲ್ಪವೇ ಕಡಿಮೆ ಬಿಸಿ ಇತ್ತು. ಹೇಮಂತ ಕುಡಿದ, ಮಡಿವಾಳೆಪ್ಪ ಕುಡಿದ, ನಾನೂ ಕುಡಿದೆ. ಯಾರೂ ಥಂಡಿಯ ಮಾತೆತ್ತಲಿಲ್ಲ.